ನಾಳೆಯನ್ನು ಕಾಣುವ ಮಗು: ಬಾಲ್ಯದ ಬೊಜ್ಜಿಗೆ ಮುನ್ನೋಟದ ಚಿಕಿತ್ಸೆ



ಇಂದಿನ ವಿಷಯವನ್ನು ತಿಳಿಸಿದಾಗ ಕೆಲವು ಸ್ನೇಹಿತರು ಹುಬ್ಬೇರಿಸಿದರು. ಬರಕ್ಕೂ ಗುಳೆಗೂ ಹೆಸರಾದ ಆದೋನಿ, ಮಂತ್ರಾಲಯದ ಸೀಮೆಯಲ್ಲಿ ನಿಂತು ಮಕ್ಕಳ ಬೊಜ್ಜಿನ ಬಗ್ಗೆ ಮಾತಾಡುತ್ತೀರಾ ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು. ಈ ಉಪನ್ಯಾಸದ ಬಹುಪಾಲು ಆ ಪ್ರಶ್ನೆಗೇ ಉತ್ತರ. ಮಕ್ಕಳ ವೈದ್ಯನಾಗಿ ನಾನು ಕಂಡದ್ದನ್ನೂ, ಓದಿ ತಿಳಿದದ್ದನ್ನೂ ಸೇರಿಸಿ ನಾಲ್ಕು ವಿಚಾರಗಳನ್ನು ತಮ್ಮ ಮುಂದಿಡುತ್ತೇನೆ. ಮೊದಲನೆಯದು, ಹಸಿವಿನ ನೆಲಕ್ಕೆ ಬೊಜ್ಜು ಬಂದ ಬಗೆ. ಎರಡನೆಯದು, ಮನುಷ್ಯನ ಮನಸ್ಸು ಮುಂದಿನ ದಿನವನ್ನು ಕಾಣುವ ಬಗೆ. ಮೂರನೆಯದು, ಆ ಶಕ್ತಿಯನ್ನು ಚಿಕಿತ್ಸೆಯಲ್ಲಿ ಬಳಸುವ ಕ್ರಮ. ಕೊನೆಯದಾಗಿ, ನಾಳೆಯನ್ನು ನಂಬಲು ನಮ್ಮ ಮಕ್ಕಳಿಗೆ ನಾವು ಕೊಟ್ಟಿರುವ ಕಾರಣಗಳು ಯಾವುವು ಎಂಬುದು. ಈ ಕೊನೆಯ ವಿಚಾರವನ್ನು ಮನಶ್ಶಾಸ್ತ್ರದ ಪುಸ್ತಕಗಳು ಅಡಿಟಿಪ್ಪಣಿಯಲ್ಲಿ ಮುಗಿಸುತ್ತವೆ. ನನಗೆ ಅದೇ ಮುಖ್ಯವಾಗಿ ಕಾಣುತ್ತದೆ.

ಮೊದಲನೆಯ ವಿಚಾರಕ್ಕೆ ಬರುತ್ತೇನೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹಂಚಿಹೋದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಗಡಿ ಬದಲಾದರೂ ಊಟದ ತಟ್ಟೆ ಬದಲಾಗಲಿಲ್ಲ. ತುಂಗಭದ್ರೆಯ ಆಚೆ ರಾಯಚೂರಿನಲ್ಲಿ ಉಣ್ಣುವ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಯೇ ಈಚೆ ಮಾಧವರಂನಲ್ಲೂ ಉಣ್ಣುವುದು. ಇದೇ ಸೀಮೆ 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಮದ್ರಾಸ್ ಪ್ರಾಂತ್ಯದಲ್ಲೇ ಅತಿ ಹೆಚ್ಚು ನೊಂದ ಜಿಲ್ಲೆಗಳ ಪೈಕಿ ಇತ್ತು. ಮಗು ಮೈ ತುಂಬಿಕೊಂಡಿದ್ದರೆ ಅಜ್ಜಿಯ ಕಣ್ಣು ಅರಳುವುದು ಸುಮ್ಮನೆ ಅಲ್ಲ. ತೆಳ್ಳಗಿನ ಮಕ್ಕಳು ಮಳೆಗಾಲ ದಾಟದೆ ಹೋದದ್ದನ್ನು ಅವಳ ಹಿಂದಿನವರು ಕಂಡಿದ್ದಾರೆ. ಆ ಸಂತೋಷವನ್ನು ಅಜ್ಞಾನವೆಂದು ತಳ್ಳಿಹಾಕುವ ವೈದ್ಯನ ಮಾತನ್ನು ಯಾವ ಮನೆಯೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಆದರೆ ಲೆಕ್ಕ ಬದಲಾಗುತ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಮಿತಿಮೀರಿದ ತೂಕದವರ ಪ್ರಮಾಣ 2015-16ರಲ್ಲಿ ಶೇಕಡ 2.1 ಇದ್ದದ್ದು 2019-21ರಲ್ಲಿ 3.4 ಆಯಿತು. ಅದೇ ಸಮೀಕ್ಷೆಯಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು ಶೇಕಡ 35.5. ಎರಡೂ ಸಂಖ್ಯೆಗಳು ಒಂದೇ ದೇಶದವು, ಎಷ್ಟೋ ಸಲ ಒಂದೇ ಓಣಿಯವು. 2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ 1990ರಲ್ಲಿ ಭಾರತದ 5ರಿಂದ 19 ವರ್ಷದವರಲ್ಲಿ ಸುಮಾರು 4 ಲಕ್ಷ ಮಂದಿಗೆ ಬೊಜ್ಜಿತ್ತು. 2022ರ ಹೊತ್ತಿಗೆ ಅದು ಸುಮಾರು 1 ಕೋಟಿ 25 ಲಕ್ಷ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್‌ನ ಕೂಸುಗಳೊಂದಿಗೆ ಹೋಲಿಸಿತು. ನಮ್ಮ ಕೂಸಿನ ಸರಾಸರಿ ತೂಕ 2.7 ಕಿಲೋ, ಅಲ್ಲಿನದು 3.5. ಸ್ನಾಯು ಕಡಿಮೆ, ಅಂಗಾಂಗ ಚಿಕ್ಕವು, ಆದರೆ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಾಗಿರಲಿಲ್ಲ. ನೋಡಲು ಸಣಕಲು, ಒಳಗೆ ಕೊಬ್ಬು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹೆರಿಗೆಯ ದಾಖಲೆಗಳನ್ನು ಜೋಪಾನ ಮಾಡಿದ್ದರು. ಎಷ್ಟೋ ದಶಕಗಳ ಮೇಲೆ ಸಂಶೋಧಕರು ಆ ಹಳೆಯ ಪುಸ್ತಕಗಳನ್ನು ಹಿಡಿದು, ಅಲ್ಲಿ ಹುಟ್ಟಿದವರನ್ನು ಹುಡುಕಿಕೊಂಡು ಹೋದರು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು ‘ಪಾರ್ಥೆನಾನ್’ ಅಧ್ಯಯನ ಶುರುವಾಯಿತು. ಬಸಿರಿನಲ್ಲಿ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳಲ್ಲಿ ಶಾಲೆಯ ವಯಸ್ಸಿಗೇ ಕೊಬ್ಬಿನಂಶವೂ ಇನ್ಸುಲಿನ್ ಪ್ರಮಾಣವೂ ಹೆಚ್ಚಿರುವುದು ಕಂಡುಬಂತು. ಆದ್ದರಿಂದ ದಪ್ಪಗಿರುವ ಮಗುವನ್ನು ಎದುರು ಕೂರಿಸಿಕೊಂಡು ‘ಎಲ್ಲ ನಿನ್ನ ಬಾಯಿಚಪಲ’ ಎನ್ನುವ ಮುನ್ನ ಸ್ವಲ್ಪ ತಡೆಯಬೇಕು. ಅದರ ದೇಹದ ಲೆಕ್ಕಾಚಾರ ಅದು ಹುಟ್ಟುವ ಮೊದಲೇ ಶುರುವಾಗಿದೆ.

ಇಂಥ ದೇಹದ ಮುಂದೆ ನಾವು ಇಟ್ಟಿರುವುದೇನು? ಶಾಲೆಯ ಗೇಟಿನ ಎದುರಿನ ಅಂಗಡಿಯನ್ನು ಒಮ್ಮೆ ಮಗುವಿನ ಎತ್ತರಕ್ಕೆ ಬಗ್ಗಿ ನೋಡಿ. ಐದು ರೂಪಾಯಿಯ ಪಾಕೆಟ್‌ಗಳು ಮಾಲೆಮಾಲೆಯಾಗಿ ತೂಗುತ್ತವೆ. ಕೆಳಗಿನ ಮಾಲೆ ಸರಿಯಾಗಿ ಒಂದನೇ ತರಗತಿಯ ಕೈಗೆಟುಕುತ್ತದೆ. ಹಿಂದೆ ಕೂಲ್ ಡ್ರಿಂಕ್ ಬಾಟಲಿಗಳು. ಅವುಗಳಲ್ಲಿ ನೂರು ಮಿಲಿಲೀಟರಿಗೆ ಹತ್ತು ಗ್ರಾಂ ಆಸುಪಾಸು ಸಕ್ಕರೆ. ಒಂದು ಚಿಕ್ಕ ಬಾಟಲಿ ಮುಗಿಸಿದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ದಿನಕ್ಕೆಂದು ಹೇಳುವ ಮಿತಿಯೇ ಮುಗಿದಂತೆ. ಕೂಲಿಗೆ ಹೋಗುವ ತಾಯಿ ಬೆಳಗ್ಗೆ ಮಗುವಿನ ಕೈಯಲ್ಲಿ ಹತ್ತು ರೂಪಾಯಿ ಇಡುತ್ತಾಳೆ. ಸಂಜೆಯವರೆಗೆ ಅವಳು ಹತ್ತಿರವಿರುವುದಿಲ್ಲ ಎಂಬುದಕ್ಕೆ ಅವಳು ಕೊಡಬಲ್ಲ ಸಮಾಧಾನ ಅದೊಂದೇ.

ಈಗ ಎರಡನೆಯ ವಿಚಾರ. ಇಲ್ಲಿ ಸ್ವಲ್ಪ ದೂರದ ದೇಶಗಳಿಗೆ ಹೋಗಿಬರಬೇಕಾಗುತ್ತದೆ.

ಕೆನಡಾದ ಟೊರಾಂಟೊದಲ್ಲಿ ಎಂಡೆಲ್ ಟಲ್ವಿಂಗ್ ಎಂಬ ಮನೋವಿಜ್ಞಾನಿ ಇದ್ದರು. 2023ರಲ್ಲಿ ತೀರಿಕೊಂಡರು. 1981ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಮಿದುಳಿಗೆ ಪೆಟ್ಟು ಬಿದ್ದ ಒಬ್ಬ ವ್ಯಕ್ತಿಯನ್ನು ಅವರು ವರ್ಷಗಟ್ಟಲೆ ಗಮನಿಸಿದರು. ವೈದ್ಯಗ್ರಂಥಗಳಲ್ಲಿ ಆತನ ಹೆಸರು ಕೆ. ಸಿ. ಆತನಿಗೆ ಭಾಷೆ ಗೊತ್ತಿತ್ತು, ಬುದ್ಧಿ ಸರಿಯಾಗಿತ್ತು, ಲೋಕದ ಸಂಗತಿಗಳು ತಿಳಿದಿದ್ದವು. ಆದರೆ ತನ್ನ ಬದುಕಿನ ಒಂದು ಘಟನೆಯನ್ನೂ ಕಣ್ಣಮುಂದೆ ತಂದುಕೊಳ್ಳಲು ಆಗುತ್ತಿರಲಿಲ್ಲ. ಟಲ್ವಿಂಗ್ ಗುರುತಿಸಿದ ಸೋಜಿಗ ಇದಕ್ಕೂ ಮುಂದಿನದು. ನಾಳೆ ಏನು ಮಾಡುತ್ತೀಯೆಂದು ಕೇಳಿದರೂ ಆತನ ಮನಸ್ಸು ಅಷ್ಟೇ ಬರಿದಾಗಿರುತ್ತಿತ್ತು. ನಿನ್ನೆಯನ್ನು ಕಳೆದುಕೊಂಡವನು ನಾಳೆಯನ್ನೂ ಕಳೆದುಕೊಂಡಿದ್ದ. 2007ರಲ್ಲಿ ಲಂಡನ್ನಿನಲ್ಲಿ ಡೆಮಿಸ್ ಹಸಾಬಿಸ್ ಮತ್ತು ಸಂಗಡಿಗರು ಇದನ್ನೇ ಬೇರೆ ರೋಗಿಗಳಲ್ಲಿ ಪರೀಕ್ಷಿಸಿದರು. ಮುಂದೆ ರಸಾಯನಶಾಸ್ತ್ರದ ನೊಬೆಲ್ ಪಡೆದ ಹಸಾಬಿಸ್ ಇವರೇ. ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಹಾಳಾದವರಿಗೆ ಹೊಸ ದೃಶ್ಯವೊಂದನ್ನು ಕಲ್ಪಿಸಿಕೊಳ್ಳುವುದು ಕಷ್ಟವಾಗುತ್ತದೆ ಎಂದು ಅವರು ತೋರಿಸಿದರು. ಅಂದರೆ ನಾವು ಮುಂದಿನದನ್ನು ಕಟ್ಟುವುದು ಹಿಂದೆ ಕಂಡುಂಡ ತುಣುಕುಗಳಿಂದಲೇ. ಮಗುವಿನ ಬಳಿ ನೆನಪಿನ ತುಣುಕುಗಳು ಎಷ್ಟಿವೆಯೋ ಅದರ ನಾಳೆಯೂ ಅಷ್ಟೇ ದೊಡ್ಡದು.

ಇದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನು ಇಡುತ್ತೇನೆ. ಈಗ ಐವತ್ತು ರೂಪಾಯಿ ಬೇಕೋ ತಿಂಗಳು ಬಿಟ್ಟು ನೂರು ಬೇಕೋ ಎಂದು ಕೇಳಿದರೆ ಹಲವರು ಐವತ್ತಕ್ಕೇ ಕೈ ಚಾಚುತ್ತಾರೆ. ದೂರದಲ್ಲಿರುವುದರ ಬೆಲೆ ಮನಸ್ಸಿನಲ್ಲಿ ಇಳಿಯುತ್ತದೆ. ದೊಡ್ಡವರಿಗಿಂತ ಮಕ್ಕಳಲ್ಲಿ ಈ ಇಳಿತ ಕಡಿದಾಗಿರುತ್ತದೆ. ತಿಂಡಿಯ ಸೆಳೆತ ಬಲವಾಗಿದ್ದು ಈ ಇಳಿತವೂ ಕಡಿದಾಗಿದ್ದರೆ ಮಗು ತೂಕ ಏರಿಸಿಕೊಳ್ಳುವ ಸಂಭವ ಹೆಚ್ಚು. ನಲವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬರುತ್ತದೆ ಎಂದು ಹತ್ತು ವರ್ಷದ ಹುಡುಗಿಯನ್ನು ಹೆದರಿಸುವುದರಿಂದ ಫಲವಿಲ್ಲದಿರುವುದು ಇದಕ್ಕೇ. ನಲವತ್ತೆನ್ನುವುದು ಅವಳಿಗೆ ಒಂದು ಸಂಖ್ಯೆ. ಕೈಯಲ್ಲಿರುವ ಪಾಕೆಟ್‌ಗೆ ಉಪ್ಪಿದೆ, ಖಾರವಿದೆ, ಹರಿದಾಗಿನ ಸದ್ದಿದೆ.

ಸ್ಟ್ಯಾನ್‌ಫರ್ಡ್‌ನ ಬಿಂಗ್ ಶಿಶುಶಾಲೆಯಲ್ಲಿ ವಾಲ್ಟರ್ ಮಿಷೆಲ್ 1960ರ ದಶಕದ ಕೊನೆಯಿಂದ ನಡೆಸಿದ ಮಾರ್ಷ್‌ಮ್ಯಾಲೋ ಪ್ರಯೋಗ ನಿಮ್ಮಲ್ಲಿ ಹಲವರಿಗೆ ಗೊತ್ತು. ಈಗ ಒಂದು ಸಿಹಿ ತಿನ್ನಬಹುದು, ಕಾದರೆ ಎರಡು. ಕಾದ ಮಕ್ಕಳು ಮುಂದೆ ಬಾಳಿನಲ್ಲಿ ಗೆದ್ದರು ಎಂಬ ಕಥೆ ಲೋಕವೆಲ್ಲ ಹಬ್ಬಿತು, ನಮ್ಮ ವ್ಯಕ್ತಿತ್ವ ವಿಕಸನದ ಶಿಬಿರಗಳಿಗೂ ಬಂತು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯ ಮೇಲೆ ಅದನ್ನು ಮತ್ತೆ ನೋಡಿದಾಗ, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತಂದೊಡನೆ ಆ ಸಂಬಂಧ ಬಹಳ ಸೊರಗಿತು. ಹೆಚ್ಚು ಪ್ರಚಾರ ಪಡೆಯದ ಮಿಷೆಲ್‌ರ ಇನ್ನೊಂದು ಮಾತೇ ನನಗೆ ಹೆಚ್ಚು ಉಪಯುಕ್ತವೆನಿಸುತ್ತದೆ. ಕಾದ ಮಕ್ಕಳು ಹಲ್ಲು ಕಚ್ಚಿ ಕೂತವರಲ್ಲ. ಅವರ ಮನಸ್ಸು ಬೇರೊಂದು ಖುಷಿಯ ಕಡೆ ಹೋಗಿತ್ತು. ಸಂತೋಷದ ಸಂಗತಿಗಳನ್ನು ನೆನೆಯಲು ಹೇಳಿದಾಗ ಮಕ್ಕಳು ಹೆಚ್ಚು ಹೊತ್ತು ಕಾದರು.

ಇಲ್ಲಿಂದ ಮೂರನೆಯ ವಿಚಾರಕ್ಕೆ, ಅಂದರೆ ಚಿಕಿತ್ಸೆಗೆ, ಸೀದಾ ದಾರಿಯಿದೆ.

ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಲೆನಾರ್ಡ್ ಎಪ್‌ಸ್ಟೀನ್ ಮಕ್ಕಳ ಬೊಜ್ಜಿನ ಚಿಕಿತ್ಸೆಗೆ ಬದುಕು ಮುಡಿಪಿಟ್ಟವರು. ಆಹಾರವನ್ನು ರಸ್ತೆಯ ಸಿಗ್ನಲ್ ದೀಪದ ಬಣ್ಣಗಳಂತೆ ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿ ಮನೆಮಂದಿಗೆಲ್ಲ ಕಲಿಸುವ ಕ್ರಮ ಅವರದು. ನಮ್ಮ ಊಟಕ್ಕೆ ಅದು ಸಲೀಸಾಗಿ ಒಗ್ಗುತ್ತದೆ. ಪುಂಡಿ, ಸೌತೆ, ಹೀರೆ ಹಸಿರು. ರೊಟ್ಟಿ, ಅನ್ನ, ಬೇಳೆ, ಮೊಟ್ಟೆ ಹಳದಿ. ಮಿರ್ಚಿ ಬಜ್ಜಿ, ಪಾಕೆಟ್, ಕೂಲ್ ಡ್ರಿಂಕ್ ಕೆಂಪು. 1990ರಲ್ಲಿ ಅವರು ಹತ್ತು ವರ್ಷಗಳ ಫಲಿತಾಂಶವನ್ನು ಪ್ರಕಟಿಸಿದರು. ತಂದೆ ಅಥವಾ ತಾಯಿಯನ್ನು ಮಗುವಿನ ಜೊತೆಗೇ ಚಿಕಿತ್ಸೆಗೆ ಸೇರಿಸಿಕೊಂಡಿದ್ದ ಗುಂಪಿನಲ್ಲಿ ಮಕ್ಕಳ ಹೆಚ್ಚುವರಿ ತೂಕದ ಪ್ರಮಾಣ ಶೇಕಡ 7.5ರಷ್ಟು ಇಳಿದಿತ್ತು. ಹೋಲಿಕೆಗೆ ಇಟ್ಟಿದ್ದ ಗುಂಪಿನಲ್ಲಿ 14.3ರಷ್ಟು ಏರಿತ್ತು. ಮಗುವೊಂದನ್ನೇ ಪಥ್ಯಕ್ಕೆ ಕೂರಿಸಿ, ಅದರ ಎದುರಿಗೇ ಉಳಿದವರು ಬಜ್ಜಿ ತಿನ್ನುವ ಮನೆಯಲ್ಲಿ ಯಾವ ಔಷಧವೂ ನಾಟುವುದಿಲ್ಲ.

ಎಪ್‌ಸ್ಟೀನ್‌ರ ಬಳಿ ಕೆಲಸ ಮಾಡುತ್ತಿದ್ದ ಟಿನುಕೆ ಡೇನಿಯಲ್ ಎಂಬ ಸಂಶೋಧಕಿ ಈ ಚಿಕಿತ್ಸೆಗೆ ಮುನ್ನೋಟವನ್ನು ಜೋಡಿಸಿದರು. ವಿಜ್ಞಾನದಲ್ಲಿ ಇದನ್ನು ಎಪಿಸೋಡಿಕ್ ಫ್ಯೂಚರ್ ಥಿಂಕಿಂಗ್ ಎನ್ನುತ್ತಾರೆ. ಮುಂದೆ ನಡೆಯಲಿರುವ ತನ್ನದೇ ಬದುಕಿನ ಒಂದು ಘಟನೆಯನ್ನು, ಅದರೊಳಗೆ ತಾನೇ ನಿಂತಿರುವಂತೆ, ಮುಂಚಿತವಾಗಿ ಅನುಭವಿಸುವುದು. 2013ರಲ್ಲಿ ದೊಡ್ಡವರ ಮೇಲೆ, 2015ರಲ್ಲಿ ಮಕ್ಕಳ ಮೇಲೆ ಅವರ ಪ್ರಯೋಗಗಳು ಪ್ರಕಟವಾದವು. ಎರಡನೆಯದರಲ್ಲಿ ಇದ್ದವರು 9ರಿಂದ 14 ವರ್ಷದ 42 ಮಕ್ಕಳು, ಎಲ್ಲರೂ ತೂಕ ಹೆಚ್ಚಿದ್ದವರು. ಬೇಕಾದಷ್ಟು ತಿನ್ನಬಹುದೆಂದು ತಿಂಡಿ ಮುಂದಿಟ್ಟಾಗ, ಮುಂದಿನ ಘಟನೆಗಳನ್ನು ಮನಸ್ಸಿನಲ್ಲಿ ಕಾಣುತ್ತಿದ್ದ ಮಕ್ಕಳು ಇನ್ನೊಂದು ಗುಂಪಿಗಿಂತ ಕಡಿಮೆ ತಿಂದರು. ಈಗಿನ ಚಿಕ್ಕ ಲಾಭಕ್ಕಿಂತ ಮುಂದಿನ ದೊಡ್ಡ ಲಾಭವನ್ನು ಆರಿಸಿಕೊಳ್ಳುವುದೂ ಅವರಲ್ಲಿ ಹೆಚ್ಚಿತ್ತು.

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವ ಅಂಶ ಇಲ್ಲಿದೆ. ಮಕ್ಕಳು ಕಾಣಬೇಕಾದ ಆ ಮುಂದಿನ ದೃಶ್ಯದಲ್ಲಿ ಬೊಜ್ಜಿನ ಮಾತಿರಬೇಕಾಗಿಲ್ಲ. ತೂಕವಿಲ್ಲ, ತೆಳ್ಳಗಾದ ದೇಹವಿಲ್ಲ, ರೋಗದ ಭಯವಿಲ್ಲ. ಹುಟ್ಟುಹಬ್ಬವೋ ಪ್ರವಾಸವೋ ಆಟವೋ, ಮಗು ನಿಜವಾಗಿ ಎದುರು ನೋಡುತ್ತಿರುವ ಯಾವುದಾದರೂ ಸಂತೋಷ ಸಾಕು. ಅದು ಕಣ್ಣಿಗೆ ಕಟ್ಟುವಂತಿದ್ದಾಗ ಮನಸ್ಸಿನ ಹರವು ಹಿಗ್ಗುತ್ತದೆ. ‘ಈಗಲೇ ಬೇಕು’ ಎಂಬುದರ ಬಿಗಿತ ತನ್ನಷ್ಟಕ್ಕೆ ಸಡಿಲುತ್ತದೆ. ಗುಂಡ, ದಡೂತಿ ಎಂದು ತರಗತಿಯಲ್ಲಿ ಕರೆಸಿಕೊಂಡು ಕುಗ್ಗಿದ ಮಗುವಿಗೆ ಇದು ಎಂಥ ಬಿಡುಗಡೆ ಎಂಬುದನ್ನು ಶಿಕ್ಷಕರು ಬಲ್ಲಿರಿ. ಅದರ ದೇಹದ ಬಗ್ಗೆ ಒಂದು ಮಾತೂ ಆಡದೆ ಚಿಕಿತ್ಸೆಯನ್ನು ಶುರುಮಾಡಬಹುದು.

ಹೇಗೆ ಮಾಡುತ್ತೇವೆಂದು ತೋರಿಸುತ್ತೇನೆ. ಹಲವು ಮಕ್ಕಳ ಮಾತುಗಳನ್ನು ಸೇರಿಸಿ ಒಬ್ಬ ಹುಡುಗನನ್ನಾಗಿ ಮಾಡಿಕೊಂಡಿದ್ದೇನೆ, ಯಾರೊಬ್ಬರ ಗುರುತೂ ಇದರಲ್ಲಿಲ್ಲ. ಹನ್ನೊಂದು ವರ್ಷ, ಮಾಧವರಂ ಕಡೆಯವನು, ಕನ್ನಡ ಶಾಲೆಯಲ್ಲಿ ಆರನೆಯ ತರಗತಿ. ತಾಯಿಯ ಸೆರಗಿನ ಮರೆಯಲ್ಲಿ ಕೂತಿದ್ದಾನೆ. ಮುಂದೆ ಏನು ಮಾಡ್ತೀಯಪ್ಪ ಎಂದರೆ ‘ಡಾಕ್ಟರ್ ಆಗ್ತೀನ್ರಿ’ ಎನ್ನುತ್ತಾನೆ. ಅದು ಯಾರೋ ಹೇಳಿಕೊಟ್ಟ ಉತ್ತರ, ಅದರಲ್ಲಿ ಚಿತ್ರವಿಲ್ಲ. ಆದ್ದರಿಂದ ಹತ್ತಿರಕ್ಕೆ ತರಬೇಕು.

‘ಶ್ರಾವಣದಾಗ ಎಲ್ಲಿಗಾದ್ರೂ ಹೋಗ್ತೀರೇನು?’

‘ಉರುಕುಂದಕ್ಕ ಹೋಗ್ತೀವ್ರಿ, ಈರಣ್ಣ ಸ್ವಾಮಿಗೆ.’

‘ಯಾರ್ಯಾರು?’

‘ಅವ್ವ, ಅಜ್ಜಿ, ಸೋದರಮಾವ. ಮಾವನ ಟ್ರ್ಯಾಕ್ಟರ್ನಾಗ.’

‘ಎಲ್ಲಿ ಕೂಡ್ತೀ?’

ಇಲ್ಲಿ ಹುಡುಗನ ಮುಖ ಬದಲಾಗುತ್ತದೆ. ಮಾವ ಈ ಸಲ ಇಂಜಿನ್ನಿನ ಹತ್ತಿರ ತನ್ನ ಪಕ್ಕ ಕೂರಿಸಿಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದಾನೆ. ಗಾಳಿ ಮುಖಕ್ಕೆ ಹೊಡೆಯುತ್ತದೆ. ಹಿಂದೆ ಟ್ರಾಲಿಯಲ್ಲಿ ತಂಗಿ ಕೂಗುತ್ತಾಳೆ. ಮಳೆ ಬಂದರೆ ತಾಡಪಾಲು ಹೊದೆಯಬೇಕು. ಅಲ್ಲಿ ಇಳಿದ ಮೇಲೆ ಅಜ್ಜಿಯ ಕೈ ಹಿಡಿದು ಗದ್ದಲದಲ್ಲಿ ದಾರಿ ಮಾಡುವವನು ತಾನೇ. ಹೀಗೆ ಕೇಳುತ್ತ ಹೋಗಿ, ಅವನದೇ ಮಾತಿನಲ್ಲಿ ನಾಲ್ಕೈದು ವಾಕ್ಯ ಬರೆಸುತ್ತೇವೆ. ಎಂಟು ದಿನದೊಳಗಿನದು ಒಂದು, ತಿಂಗಳೊಳಗಿನದು ಒಂದು, ಮೂರು ತಿಂಗಳಾಚೆಯದು ಒಂದು. ಬಫಲೋದ ತಂಡ ಇಂಥ ಮಾತುಗಳನ್ನು ಫೋನಿನ ಮೂಲಕ ಕುಟುಂಬಗಳಿಗೆ ತಲುಪಿಸಿ ನೋಡಿದೆ. ನಮ್ಮ ಹುಡುಗನ ಕೈಯಲ್ಲಿ ಫೋನಿಲ್ಲ, ಇರುವುದೂ ಬೇಡ. ಒಂದು ರಟ್ಟಿನ ಚೀಟಿಯಲ್ಲಿ ಬರೆದು ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡರೆ ಸಾಕು. ಸಂಜೆ ನಾಲ್ಕಕ್ಕೆ ಗಂಟೆ ಹೊಡೆದಾಗ, ಅಂಗಡಿಯ ಮುಂದೆ ಹೋಗುವ ಮೊದಲು ತೆಗೆದು ಓದಿಕೊಳ್ಳಬೇಕು. ರಾತ್ರಿ ಊಟಕ್ಕೆ ಮುನ್ನ ಅವ್ವನಿಗೆ ಒಮ್ಮೆ ಓದಿ ಹೇಳಬೇಕು. ಅಷ್ಟೇ.

ಇದರ ಮಿತಿಗಳನ್ನೂ ಹೇಳದೆ ಮುಂದೆ ಹೋಗಲಾರೆ. ಮಕ್ಕಳ ಮೇಲಿನ ಆ ಪ್ರಯೋಗ ಚಿಕ್ಕದು, ಒಂದು ಹೊತ್ತಿನ ತಿನ್ನುವಿಕೆಯನ್ನು ಅಳೆದದ್ದು. 2022ರಲ್ಲಿ ಎಪ್‌ಸ್ಟೀನ್‌ರ ತಂಡವೇ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ವಯಸ್ಕರಿಗೆ ಆರು ತಿಂಗಳು ಈ ಅಭ್ಯಾಸ ಮಾಡಿಸಿದ ಫಲಿತಾಂಶ ಪ್ರಕಟಿಸಿತು. ಕಾಯುವ ಮನಸ್ಸು ಬೆಳೆಯಿತು, ಆದರೆ ತೂಕ ಇಳಿಯುವುದರಲ್ಲಿ ಹೋಲಿಕೆಯ ಗುಂಪಿಗಿಂತ ಹೆಚ್ಚಿನ ಲಾಭವಾಗಲಿಲ್ಲ. ಆದ್ದರಿಂದ ಮುನ್ನೋಟವೊಂದೇ ಮದ್ದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಊಟದ ಬದಲಾವಣೆ, ದಿನಕ್ಕೊಂದು ಗಂಟೆ ಮೈಬೆವರುವ ಆಟ, ಸಾಕಷ್ಟು ನಿದ್ದೆ, ಮನೆಯವರ ಪಾಲುಗಾರಿಕೆ, ಇವೇ ಚಿಕಿತ್ಸೆಯ ಮೈ. ಮಗು ಇವುಗಳಲ್ಲಿ ಮನಸ್ಸಿಟ್ಟು ನಿಲ್ಲಲು ಮುನ್ನೋಟ ನೆರವಾಗುತ್ತದೆ. ಇನ್ನೊಂದು ಎಚ್ಚರ. ಬೆಳೆಯುವ ಮಗುವನ್ನು ಉಪವಾಸ ಕೆಡವಬಾರದು. ಎಷ್ಟೋ ಮಕ್ಕಳಲ್ಲಿ ತೂಕ ಇದ್ದಷ್ಟೇ ನಿಂತು ಎತ್ತರ ಬೆಳೆದರೆ ಸಾಕು. ಅದನ್ನು ತೀರ್ಮಾನಿಸಬೇಕಾದದ್ದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ ಪರಿಷ್ಕರಿಸಿದ ಬೆಳವಣಿಗೆಯ ನಕ್ಷೆಯನ್ನು ನೋಡಿ. ನೆರೆಮನೆಯವರ ಕಣ್ಣಳತೆ ಅದಕ್ಕೆ ಸಾಲದು.

ಇನ್ನು ಕೊನೆಯ ವಿಚಾರಕ್ಕೆ ಬರೋಣ.

2013ರಲ್ಲಿ ಅಮೆರಿಕದ ರೋಚೆಸ್ಟರ್‌ನಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಮಾರ್ಷ್‌ಮ್ಯಾಲೋ ಪ್ರಯೋಗಕ್ಕೆ ಒಂದು ಮೊದಲಂಕ ಸೇರಿಸಿದರು. 28 ಪುಟ್ಟ ಮಕ್ಕಳು. ಚಿತ್ರ ಬಿಡಿಸಲು ಕೂರಿಸಿ, ಸ್ವಲ್ಪ ಕಾದರೆ ಇನ್ನೂ ಒಳ್ಳೆಯ ಬಣ್ಣ ತಂದುಕೊಡುತ್ತೇವೆಂದು ಹೇಳಿದರು. ಅರ್ಧದಷ್ಟು ಮಕ್ಕಳಿಗೆ ನಿಜವಾಗಿಯೂ ತಂದುಕೊಟ್ಟರು. ಉಳಿದವರ ಬಳಿಗೆ ಬರಿಗೈಯಲ್ಲಿ ಬಂದು ‘ಇಲ್ಲವಂತೆ’ ಎಂದರು. ಬಳಿಕ ಸಿಹಿಯ ಪರೀಕ್ಷೆ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡವರು ಮೂರೇ ನಿಮಿಷ. ಮಕ್ಕಳ ಸಂಯಮದಲ್ಲಿ ಕೊರತೆಯಿರಲಿಲ್ಲ. ದೊಡ್ಡವರ ಮಾತಿನ ಬೆಲೆಯನ್ನು ಅವರು ಸರಿಯಾಗಿಯೇ ಅಳೆದಿದ್ದರು.

ಆದೋನಿಯ ಮಾರ್ಕೆಟ್ ಯಾರ್ಡ್‌ಗೆ ಹತ್ತಿ ತಂದ ರೈತನನ್ನು ನೆನೆಯಿರಿ. ಎರಡು ತಿಂಗಳು ಇಟ್ಟುಕೊಂಡರೆ ಬೆಲೆ ಏರಬಹುದೆಂದು ಅವನಿಗೆ ತಿಳಿಯದೆ? ಆದರೂ ಅಂದೇ ಮಾರಿ ಹೋಗುತ್ತಾನೆ. ಸಾಲ ಕೊಟ್ಟವನು ಮನೆಬಾಗಿಲಲ್ಲಿ ನಿಂತಿರುತ್ತಾನೆ. ಪಾಕೆಟ್ ಹರಿಯುವ ಮಗುವಿನ ಲೆಕ್ಕವೂ ಅದೇ ಜಾತಿಯದು. 2013ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲಿನ ಅಧ್ಯಯನವೊಂದು ಬಂತು. ಅದೇ ರೈತ ಕಟಾವಿನ ಹಣ ಕೈಗೆ ಬರುವ ಮೊದಲು ಬುದ್ಧಿಯ ಪರೀಕ್ಷೆಗಳಲ್ಲಿ ಹಿಂದುಳಿದ, ಹಣ ಬಂದ ಮೇಲೆ ಸುಧಾರಿಸಿದ. ಬಡತನ ಮನಸ್ಸಿನ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ಮುಂದಿನದನ್ನು ನೋಡಲು ಅಲ್ಲಿ ಜಾಗವೇ ಉಳಿಯುವುದಿಲ್ಲ.

ಈ ಸೀಮೆಯ ಮಗುವಿನ ನಾಳೆ ಎಷ್ಟು ನಂಬಿಕೆಗೆ ಅರ್ಹ? ಕೋಸಿಗಿ, ಕೌತಾಳಂ, ಮಂತ್ರಾಲಯ ಮಂಡಲಗಳಿಂದ ಸುಗ್ಗಿಗೆಂದು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಕುಟುಂಬಗಳೇ ಹೊರಟುಹೋಗುತ್ತವೆ. ಮಗು ಜೊತೆಗೆ ಹೋದರೆ ಶಾಲೆ ತಪ್ಪುತ್ತದೆ. ಅಜ್ಜಿಯ ಬಳಿ ಉಳಿದರೆ ಅವ್ವ ತಪ್ಪುತ್ತಾಳೆ. ಮಳೆಯ ಮಾತು ಹಾಗಿರಲಿ, ಕಾಲುವೆಯ ನೀರಿನದೂ ಖಾತ್ರಿಯಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ನದಿಯ ಎರಡೂ ದಂಡೆಯ ಮನೆಗಳಲ್ಲಿ ರಾತ್ರಿ ಏನು ಮಾತಾಡಿಕೊಂಡಿರಬಹುದು, ಆ ಮಾತನ್ನು ಮಕ್ಕಳೂ ಮಲಗಿದಲ್ಲಿಂದ ಕೇಳಿಸಿಕೊಂಡಿರುತ್ತಾರೆ. ಇಂಥಲ್ಲಿ ಬೆಳೆದ ಮಗು ಕೈಗೆ ಸಿಕ್ಕಿದ್ದನ್ನು ಈಗಲೇ ತಿಂದರೆ ಅದನ್ನು ದೋಷವೆನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗಾಗಿ ಮುನ್ನೋಟದ ಚಿಕಿತ್ಸೆಯನ್ನು ಇಲ್ಲಿ ಮಾಡಬೇಕೆಂದರೆ ಮೊದಲ ಪಾಠ ದೊಡ್ಡವರಿಗೆ. ಚೀಟಿಯಲ್ಲಿ ಬರೆಸುವ ದೃಶ್ಯ ಖಂಡಿತ ನಡೆಯುವಂಥದ್ದಾಗಿರಬೇಕು. ಟ್ರ್ಯಾಕ್ಟರಿನಲ್ಲಿ ಪಕ್ಕ ಕೂರಿಸಿಕೊಳ್ಳುತ್ತೇನೆಂದ ಮಾವ ಕೂರಿಸಿಕೊಳ್ಳಲೇಬೇಕು. ಸುಗ್ಗಿಗೆ ಹೋದ ತಂದೆ ಯುಗಾದಿಗೆ ಬರುತ್ತೇನೆಂದರೆ ಬರಲೇಬೇಕು. ಬರಲಾಗದಿದ್ದರೆ ಮೊದಲೇ ಫೋನ್ ಮಾಡಿ ಮಗುವಿಗೇ ತಿಳಿಸಬೇಕು. ದೊಡ್ಡ ಆಸೆ ತೋರಿಸುವುದಕ್ಕಿಂತ ಚಿಕ್ಕ ಮಾತನ್ನು ನಡೆಸಿಕೊಡುವುದು ಈ ಚಿಕಿತ್ಸೆಯಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಸರ್ಕಾರಕ್ಕೂ ಇದೇ ಮಾತು. ಆಂಧ್ರದ ಸರ್ಕಾರಿ ಶಾಲೆಗಳ ಮಧ್ಯಾಹ್ನದ ಊಟಕ್ಕೆ ಮೊಟ್ಟೆ, ಶೇಂಗಾ ಚಿಕ್ಕಿ, ರಾಗಿ ಜಾವ ಸೇರಿದ್ದು ಬಹಳ ಒಳ್ಳೆಯದಾಯಿತು. ಅದು ಪ್ರತಿದಿನ ಹೇಳಿದ ಹೊತ್ತಿಗೆ, ಹೇಳಿದಷ್ಟು ಬಂದರೆ ಮಗುವಿಗೆ ಪೌಷ್ಟಿಕತೆಯ ಜೊತೆಗೆ ಭರವಸೆಯೂ ಸಿಗುತ್ತದೆ. ಶಾಲೆಯ ಆವರಣದಲ್ಲೂ ಗೇಟಿನಿಂದ 50 ಮೀಟರ್ ಸುತ್ತಲೂ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿಂಡಿ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಆ 50 ಮೀಟರನ್ನು ಅಳೆಯಲು ಒಂದು ಹಗ್ಗವಿದ್ದರೆ ಸಾಕು. ಅಂಗಡಿಯವನೂ ನಮ್ಮವನೇ, ಅವನ ಹೊಟ್ಟೆಪಾಡೂ ಇದೆ. ಅವನನ್ನು ಓಡಿಸುವುದು ಬೇಡ. ಹುರಿಗಡಲೆ, ಬೇಯಿಸಿದ ಶೇಂಗಾ, ಪೇರಲ, ಸೀತಾಫಲ ಮಾರಲು ಶಾಲೆಯೇ ಅವನೊಂದಿಗೆ ಕೂತು ಮಾತಾಡಲಿ.

ಶಿಕ್ಷಕರಲ್ಲಿ ನನ್ನದೊಂದು ನಿರ್ದಿಷ್ಟ ಕೋರಿಕೆಯಿದೆ. ಇಲ್ಲಿನ ಮಗು ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ಆಡುತ್ತದೆ. ಆಸ್ಪತ್ರೆಯ ಫಾರಂನಲ್ಲಿ ಇಂಗ್ಲಿಷ್ ನೋಡುತ್ತದೆ. ತನ್ನದಲ್ಲದ ಮಾತಿನಲ್ಲಿ ಕೇಳಿದರೆ ಅದು ‘ಹೌದು’, ‘ಇಲ್ಲ’ ಎಂದು ಮುಗಿಸಿಬಿಡುತ್ತದೆ. ಗಾಳಿ, ತಾಡಪಾಲು, ಅಜ್ಜಿಯ ಕೈ, ಇವೆಲ್ಲ ಬರುವುದು ಮನೆಮಾತಿನಲ್ಲಿ. ಈ ಭಾಗದ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರು ಆ ಮಾತನ್ನು ಬಲ್ಲವರು. ಮಗುವಿನೊಡನೆ ಕೂತು ಕೇಳಬೇಕಾದ ಪ್ರಶ್ನೆಗಳ ಒಂದು ಹಾಳೆಯನ್ನು ಈ ಸೀಮೆಯ ಕನ್ನಡದಲ್ಲೂ ತೆಲುಗಿನಲ್ಲೂ ಸಿದ್ಧಪಡಿಸಿ ತಂದಿದ್ದೇನೆ. ಎಲ್ಲಿ, ಯಾರ ಜೊತೆ, ಏನು ಕಾಣುತ್ತದೆ, ಏನು ಕೇಳಿಸುತ್ತದೆ, ನೀನೇನು ಮಾಡುತ್ತಿರುತ್ತೀ, ಇಷ್ಟೇ ಅದರಲ್ಲಿರುವುದು. ತೂಕದ ಪ್ರಶ್ನೆ ಅದರಲ್ಲಿಲ್ಲ. ಆದ್ದರಿಂದ ದಪ್ಪಗಿರುವ ಮಕ್ಕಳನ್ನು ಬೇರೆ ಸಾಲಿನಲ್ಲಿ ನಿಲ್ಲಿಸದೆ ತರಗತಿಯ ಎಲ್ಲರಿಗೂ ಬರೆಸಬಹುದು, ಹಾಗೆ ಬರೆಸಬೇಕೆಂದೇ ನನ್ನ ವಿನಂತಿ. ಹಾಳೆಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇರಿಸಿದ್ದಾರೆ. ನಿಮ್ಮ ಶಾಲೆಗೆ ಬೇಕಾದಷ್ಟು ತೆಗೆದುಕೊಂಡು ಹೋಗಿ. ಮಕ್ಕಳು ಬರೆದದ್ದನ್ನು ಅವರ ಮನೆಯವರಿಗೆ ಓದಿ ಹೇಳುವ ದಿನವನ್ನೂ ಅಂದೇ ಗೊತ್ತುಮಾಡಿ.